ಆಂಕೋಟೈಪ್ ಡಿಎಕ್ಸ್ ಕೋಲನ್ ಪರೀಕ್ಷೆ: ಅಳತೆ ಸರಿ, ಆದರೆ ಯಾರಿಗೆ ಬೇಕು?

ಎರಡನೇ ಹಂತದ, ಅಂದರೆ ದುಗ್ಧಗ್ರಂಥಿಗಳಿಗೆ ಇನ್ನೂ ಹರಡದ, ದೊಡ್ಡಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆದ ಮೇಲೆ ಕೀಮೋ ಕೊಡಬೇಕೇ, ಬಿಡಬೇಕೇ? ಈ ತೀರ್ಮಾನಕ್ಕೆ ನೆರವಾಗಲೆಂದು ಕ್ಯಾಲಿಫೋರ್ನಿಯಾದ ಜೀನೋಮಿಕ್ ಹೆಲ್ತ್ 2010ರಲ್ಲಿ ಈ ಪರೀಕ್ಷೆಯನ್ನು ಹೊರತಂದಿತು. 2019ರಲ್ಲಿ ಆ ಕಂಪನಿಯನ್ನು ಎಕ್ಸಾಕ್ಟ್ ಸೈನ್ಸಸ್ ಕೊಂಡುಕೊಂಡಿತು. ಗಡ್ಡೆಯ ಪ್ಯಾರಾಫಿನ್ ಬ್ಲಾಕ್‌ನಿಂದ (ಮೇಣದಲ್ಲಿ ಹುದುಗಿಸಿಟ್ಟ ತುಂಡು) ಆರ್‌ಎನ್‌ಎ ತೆಗೆದು, ಆರ್‌ಟಿ-ಪಿಸಿಆರ್ ಎಂಬ ವಿಧಾನದಿಂದ 12 ಜೀನ್‌ಗಳ ಅಭಿವ್ಯಕ್ತಿ (ಅವು ಎಷ್ಟು ಚುರುಕಾಗಿವೆ ಎಂಬುದು) ಅಳೆದು, 0ಯಿಂದ 100ರೊಳಗಿನ ಒಂದು ಅಂಕ ಕೊಡುತ್ತಾರೆ. 30ಕ್ಕಿಂತ ಕೆಳಗಿದ್ದರೆ ರೋಗ ಮರುಕಳಿಸುವ ಅಪಾಯ ಕಡಿಮೆ, 41 ಮತ್ತು ಮೇಲಿದ್ದರೆ ಹೆಚ್ಚು, ನಡುವಿನದು ಮಧ್ಯಮ.

ಹನ್ನೆರಡರಲ್ಲಿ ಐದು ಜೀನ್‌ಗಳು ಬರೀ ಹೋಲಿಕೆಗೆ. ಹಳೆಯ ಬ್ಲಾಕ್‌ನಲ್ಲಿ ಆರ್‌ಎನ್‌ಎ ಸವೆದಿದ್ದರೆ ಅವೂ ಜೊತೆಗೇ ಕುಗ್ಗುವುದರಿಂದ ಲೆಕ್ಕ ಸರಿದೂಗುತ್ತದೆ. ಕೆಲಸದವು ಉಳಿದ ಏಳು: ಗಡ್ಡೆಯ ಸುತ್ತಲಿನ ನಾರಿನ ಅಂಗಾಂಶವನ್ನು ಸೂಚಿಸುವ ಎಫ್‌ಎಪಿ, ಐಎನ್‌ಎಚ್‌ಬಿಎ, ಬಿಜಿಎನ್, ಕೋಶ ವಿಭಜನೆಗೆ ಸೇರಿದ ಎಂಕೆಐ67, ಎಂವೈಸಿ, ಎಂವೈಬಿಎಲ್2, ಮತ್ತೆ ಒಂಟಿಯಾಗಿ ನಿಲ್ಲುವ ಗ್ಯಾಡ್45ಬಿ. ಸ್ತನ ಕ್ಯಾನ್ಸರ್‌ನ ಆಂಕೋಟೈಪ್ ಓದಿ ರೂಢಿಯಾದವರು ಎಡವುವುದು ಇಲ್ಲೇ. ಅಲ್ಲಿ ಕೋಶ ವಿಭಜನೆ ಜೋರಾದಷ್ಟೂ ಅಂಕ ಏರುತ್ತದೆ, ಇಲ್ಲಿ ಇಳಿಯುತ್ತದೆ! ಕರುಳಿನಲ್ಲಿ ಅಂಕ ಏರಿಸುವುದು ನಾರಿನ ಗುಂಪು ಮತ್ತು ಗ್ಯಾಡ್45ಬಿ. ಹಾಗಾಗಿ ಕೆಐ-67 (ಎಂಕೆಐ67 ಜೀನ್‌ನ ಪ್ರೋಟೀನ್) ಜಾಸ್ತಿ ಬಂದಿದೆ ಎಂದು ಕರುಳಿನ ರೋಗಿಯನ್ನು ಹೆದರಿಸುವುದು ತಪ್ಪು.

ಈಗ ಅಂಕದ ಬೆಲೆ ನೋಡೋಣ. ಆಪರೇಷನ್ ನಂತರದ ಕೀಮೋ ಕುರಿತ ಕ್ವಾಸಾರ್ ಅಧ್ಯಯನದ 1,436 ರೋಗಿಗಳ ಗಡ್ಡೆಗಳ ಮೇಲೆ ಇದನ್ನು ಒರೆಗೆ ಹಚ್ಚಿದಾಗ, ಆಪರೇಷನ್ ಮಾತ್ರ ಆದವರಲ್ಲಿ ಮೂರು ವರ್ಷದೊಳಗೆ ರೋಗ ಮರುಕಳಿಸುವ ಅಪಾಯ ಕಡಿಮೆ ಗುಂಪಿನಲ್ಲಿ 12%, ಮಧ್ಯಮದಲ್ಲಿ 18%, ಹೆಚ್ಚಿನದರಲ್ಲಿ 22% ಇತ್ತು. ಅಳತೆಯೇನೋ ನಿಜ, ಆದರೆ ಅಂತರ ಸಣ್ಣದು. ಅದೇ ಅಧ್ಯಯನದಲ್ಲಿ 5-ಎಫ್‌ಯು ಎಂಬ ಔಷಧದ ಕೀಮೋ ಮರುಕಳಿಕೆಯನ್ನು ತಗ್ಗಿಸಿದ್ದು ಸುಮಾರು ಐದನೇ ಒಂದು ಭಾಗದಷ್ಟು. ಗುಣಿಸಿ ನೋಡಿ: 22% ಇದ್ದವರಿಗೆ ನೂರಕ್ಕೆ ನಾಲ್ಕೈದು ಜನಕ್ಕೆ ಲಾಭ, 12% ಇದ್ದವರಿಗೆ ಎರಡು ಮೂರು ಜನಕ್ಕೆ. ಇಷ್ಟು ದುಡ್ಡು ಸುರಿದು ಸಿಗುವ ವ್ಯತ್ಯಾಸ ಇಷ್ಟೇ. ಕೀಮೋದಿಂದ ಯಾರಿಗೆ ಹೆಚ್ಚು ಪ್ರಯೋಜನ ಎಂದು ಹೇಳಲು ಬೇರೆಯೇ ಒಂದು 'ಚಿಕಿತ್ಸಾ ಅಂಕ'ವನ್ನೂ ಅಲ್ಲೇ ಪರೀಕ್ಷಿಸಿದ್ದರು. ಅದು ನಪಾಸಾಯಿತು. ಅಂಕ ಹೆಚ್ಚು ಬಂತು, ಆದ್ದರಿಂದ ಕೀಮೋ ಚೆನ್ನಾಗಿ ಹಿಡಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾದರೆ ಯಾರಿಗೆ? ಟಿ3 ಗಡ್ಡೆ (ಕರುಳಿನ ಸ್ನಾಯು ಪದರ ದಾಟಿದ್ದು) ಇರುವವರು, ಡಿಎನ್‌ಎ ನಕಲಿನ ತಪ್ಪು ತಿದ್ದುವ ಎಂಎಂಆರ್ ಪ್ರೋಟೀನ್‌ಗಳು ಸರಿಯಿರುವವರು, ಬೇರೆ ಅಪಾಯದ ಲಕ್ಷಣ ಇಲ್ಲದವರು, ಕೀಮೋ ಬಗ್ಗೆ ಮನಸ್ಸು ಎರಡೂ ಕಡೆ ವಾಲುತ್ತಿರುವವರು. ಅಷ್ಟೇ. ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಈ ನಾಲ್ಕು ಎಂಎಂಆರ್ ಪ್ರೋಟೀನ್‌ಗಳ ಐಎಚ್‌ಸಿ (ಪ್ರೋಟೀನ್ ಇದೆಯೇ ಎಂದು ಬಣ್ಣ ಹಿಡಿಸಿ ನೋಡುವ ಪರೀಕ್ಷೆ) ಮೊದಲು ಆಗಲೇಬೇಕು. ಅದರಲ್ಲಿ ಕೊರತೆ ಕಂಡರೆ ಎರಡನೇ ಹಂತದಲ್ಲಿ ಅಪಾಯ ಹೇಗೂ ಕಡಿಮೆ, 5-ಎಫ್‌ಯು ಒಂದರಿಂದಲೇ ಲಾಭವೂ ಇಲ್ಲ. ಅಂಕದ ಗೋಜಿಗೆ ಹೋಗಬೇಡಿ. ಟಿ4 (ಕರುಳಿನ ಹೊರಮೈ ಅಥವಾ ಪಕ್ಕದ ಅಂಗ ತಲುಪಿದ ಗಡ್ಡೆ) ಆಗಿದ್ದರೆ ಅಪಾಯ ಹೆಚ್ಚೆಂಬುದು ಮೊದಲೇ ಗೊತ್ತಾದ ವಿಷಯ. ಪೆಥಾಲಜಿ ವರದಿಯಲ್ಲಿ 12ಕ್ಕಿಂತ ಕಡಿಮೆ ದುಗ್ಧಗ್ರಂಥಿ ಎಣಿಸಿದ್ದರೆ, ಮೊದಲು ಉಳಿದ ತುಂಡಿನ ಕೊಬ್ಬಿನಲ್ಲಿ ಇನ್ನಷ್ಟು ಹುಡುಕಿಸಿ. ಅವುಗಳಲ್ಲಿ ಕ್ಯಾನ್ಸರ್ ಸಿಕ್ಕರೆ ಎರಡನೇ ಹಂತ ಎಂಬುದೇ ಸುಳ್ಳಾಗಬಹುದು, ಆ ಹುಡುಕಾಟಕ್ಕೆ ಖರ್ಚೂ ಅತ್ಯಲ್ಪ. ಆಪರೇಷನ್‌ಗೆ ಮುಂಚೆಯೇ ರೇಡಿಯೇಷನ್ ಅಥವಾ ಕೀಮೋ ಆದ ಗುದನಾಳದ ಗಡ್ಡೆಗೆ ಈ ಅಂಕ ಹೊಂದುವುದಿಲ್ಲ.

ಬ್ಲಾಕ್ ಆರಿಸುವುದು ಪೆಥಾಲಜಿಸ್ಟ್ ಕೆಲಸ, ಅರ್ಧ ಫಲಿತಾಂಶ ಅಲ್ಲೇ ನಿರ್ಧಾರ. ಕರುಳನ್ನು ಉದ್ದಕ್ಕೆ ಸೀಳಿ, ತುಂಡಿನ ಗಾತ್ರದ ಹತ್ತು ಪಟ್ಟಾದರೂ 10% ಬಫರ್ಡ್ ಫಾರ್ಮಲಿನ್‌ನಲ್ಲಿ ಮುಳುಗಿಸಬೇಕು. ಸೀಳದೆ ಹಾಗೇ ಡಬ್ಬಿಗೆ ಹಾಕಿದರೆ ಒಳಭಾಗಕ್ಕೆ ಫಾರ್ಮಲಿನ್ ಇಳಿಯುವಷ್ಟರಲ್ಲಿ ಆರ್‌ಎನ್‌ಎ ಹಾಳಾಗಿರುತ್ತದೆ. ವಾರಗಟ್ಟಲೆ ಬಿಟ್ಟರೂ ಕೆಡುತ್ತದೆ, ತುಂಡು ತುಂಡಾಗುತ್ತದೆ. ಕೊಳೆತ ಭಾಗ, ಲೋಳೆಯೇ ತುಂಬಿ ಕೋಶ ವಿರಳವಾದ ಭಾಗ ಬೇಡ. ಬ್ಲಾಕ್‌ನಿಂದ ಕತ್ತರಿಸಿದ ತೆಳು ಪದರದಲ್ಲಿ (ಸೆಕ್ಷನ್) ಗಡ್ಡೆಗೆ ಅಂಟಿದ ಸಾಮಾನ್ಯ ಸ್ನಾಯು, ಕೊಬ್ಬು, ಗಾಯದ ಕಲೆ ಹೆಚ್ಚಿದ್ದರೆ ಕೆರೆದು ತೆಗೆಯಲೇಬೇಕು: ಬಿಜಿಎನ್ ಆರೋಗ್ಯವಂತ ನಾರಿನಲ್ಲೂ ಇರುತ್ತದೆ, ಅಂಕವನ್ನು ದಾರಿ ತಪ್ಪಿಸುತ್ತದೆ.

ಇದಕ್ಕೆ ಈಗ ನಿಜವಾದ ಪೈಪೋಟಿ ಇನ್ನೊಂದು ಜೀನ್ ಪಟ್ಟಿಯಿಂದಲ್ಲ, ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎಯಿಂದ. 2022ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಡೈನಾಮಿಕ್ ಪ್ರಯೋಗದಲ್ಲಿ ಎರಡನೇ ಹಂತದ 455 ಜನರಿದ್ದರು. ರಕ್ತಪರೀಕ್ಷೆ ನೋಡಿ ನಿರ್ಧರಿಸಿದ ಗುಂಪಿನಲ್ಲಿ ಕೀಮೋ ಪಡೆದವರು 15%, ಮಾಮೂಲಿ ಗುಂಪಿನಲ್ಲಿ 28%. ಎರಡು ವರ್ಷಕ್ಕೆ ರೋಗವಿಲ್ಲದೆ ಉಳಿದವರು ಕ್ರಮವಾಗಿ 93.5% ಮತ್ತು 92.4%. ಹನ್ನೆರಡು ಜೀನ್‌ಗಳ ಅಂಕದ ಬಗ್ಗೆ ಇಂಥ ಪ್ರಯೋಗ ನಡೆದು, ಅದನ್ನು ನೋಡಿ ಚಿಕಿತ್ಸೆ ಬದಲಿಸಿದ್ದರಿಂದ ರೋಗಿಗೆ ಒಳಿತಾಯಿತೆಂದು ತೋರಿಸಿದ್ದಿಲ್ಲ. ಒಂದೇ ಪರೀಕ್ಷೆಗೆ ದುಡ್ಡಿದ್ದರೆ ನಮ್ಮ ಓಟು ರಕ್ತದ ಪರೀಕ್ಷೆಗೆ. ಐಎಚ್‌ಸಿ ಇನ್ನೂ ಆಗಿಲ್ಲವಾದರೆ ಅದಕ್ಕೂ ಮೊದಲು ಐಎಚ್‌ಸಿಗೆ.