ಅನೇಕ್ ಕನ್ನಡ ಫಾಂಟ್, ಎರಡು ವರ್ಷದ ಬಳಕೆಯ ಮೇಲೆ: ಅಗಲದಲ್ಲಿ ಗೆದ್ದಿತು, ಎತ್ತರದಲ್ಲಿ ಕಾಡಿತು

ಒಳ್ಳೆಯ ಅಭ್ಯಾಸ ರೂಢಿಸುವ ಆಪ್ ಅಂದರೆ ಪರದೆ ತುಂಬ ಪುಟ್ಟ ಪದಗಳು: ನೀರು, ನಡಿಗೆ, ಧ್ಯಾನ, ಓದು, ನಿದ್ದೆ. ಅಲ್ಲಿ ಬಣ್ಣಕ್ಕಿಂತ ಅಕ್ಷರವೇ ಆಪ್‌ನ ಮುಖ. ಫಾಂಟ್ ರೂಪಿಸುವ ಏಕ್ ಟೈಪ್‌ನವರ ಅನೇಕ್ ಕನ್ನಡವನ್ನು ಈ ಕೆಲಸಕ್ಕೆ ಎರಡು ವರ್ಷ ದುಡಿಸಿಕೊಂಡ ಮೇಲಿನ ಮಾತಿದು.

ಮೊದಲು ಮನಸೋತದ್ದು ಅಗಲದ ಹೊಂದಾಣಿಕೆಗೆ. 360 ಡಿಪಿ (ಆಂಡ್ರಾಯ್ಡ್ ಪರದೆಯ ಅಳತೆಯ ಮಾನ) ಅಗಲದ ಪರದೆಯಲ್ಲಿ ನಾಲ್ಕು ಟ್ಯಾಬ್ ಇಟ್ಟರೆ ಒಂದಕ್ಕೆ 90 ಡಿಪಿ. ‘ಅಂಕಿಅಂಶಗಳು’ ಅಲ್ಲಿ 12 ಎಸ್‌ಪಿಯಲ್ಲಿ (ಅಕ್ಷರ ಗಾತ್ರದ ಮಾನ) ಉಸಿರು ಬಿಗಿಹಿಡಿದು ಕೂರುತ್ತದೆ. ಬಳಕೆದಾರರು ಫೋನಿನ ಅಕ್ಷರ ಗಾತ್ರ ಒಂದು ಹಂತ ಹಿಗ್ಗಿಸಿದರೆ ಮುಗಿಯಿತು. ಬೇರೆ ಫಾಂಟ್ ಆದರೆ ಗಾತ್ರ ಇಳಿಸಬೇಕು. ಇಲ್ಲಿ ಅಗಲ 75ರಿಂದ 125ರವರೆಗೆ ಸರಿಯುತ್ತದೆ (100 ಅಂದರೆ ಸಹಜ ಅಗಲ), 100ರಿಂದ 85ಕ್ಕೆ ತಂದರೆ ಸಾಕು. ಅದಕ್ಕಿಂತ ಬಿಗಿ ಮಾಡುವ ಮೊದಲು ಸಣ್ಣ ಗಾತ್ರದಲ್ಲಿ ದ–ಧ, ಬ–ಭ ಅಕ್ಕಪಕ್ಕ ಇಟ್ಟು ನೋಡಿ. ಅವುಗಳ ವ್ಯತ್ಯಾಸವೇ ಕೆಳಗಿನ ಪುಟ್ಟ ಸೀಳು, ಅದು ಮುಚ್ಚಿಕೊಂಡರೆ ‘ಧ್ಯಾನ’ ಓದಲು ಕಣ್ಣು ಕಿರಿದು ಮಾಡಬೇಕು.

ಇನ್ನೊಂದು ಸುಖ, ಸಂಜೆ ಟಿಕ್ ಹಾಕುವ ಗಳಿಗೆ. ಬೆರಳು ತಾಗಿದೊಡನೆ ‘ಓದು’ 400ರ ತೂಕದಿಂದ 700ಕ್ಕೆ ದಪ್ಪವಾಗುತ್ತದೆ, 200 ಮಿಲಿಸೆಕೆಂಡಿನಲ್ಲಿ. ಪಟಾಕಿ, ಬಣ್ಣದ ಕಾಗದ ಹಾರಿಸುವ ಅನಿಮೇಶನ್ ಏನೂ ಬೇಡ. ದಪ್ಪವಾದಂತೆ ಪದ ಪಕ್ಕಕ್ಕೆ ಉಬ್ಬಿ ಸಾಲು ಅಲುಗುತ್ತದೆ. ಅದೇ ವೇಳೆ ಅಗಲವನ್ನು ಸ್ವಲ್ಪ ಇಳಿಸುತ್ತ ಹೋದರೆ ನಿಂತಲ್ಲೇ ನಿಲ್ಲುತ್ತದೆ. ಇದಕ್ಕೆ ಆಂಡ್ರಾಯ್ಡ್ 8 ಅಥವಾ ಮೇಲಿನದು ಬೇಕು. ಕನ್ನಡಕ್ಕೆ ದೊಡ್ಡಕ್ಷರ ಇಲ್ಲದ್ದರಿಂದ ಶೀರ್ಷಿಕೆ, ಗುಂಡಿ, ಟಿಪ್ಪಣಿಗಳ ಅಂತರವನ್ನೂ ತೂಕದಲ್ಲೇ ತೋರಿಸಬೇಕು.

ಇಷ್ಟರಲ್ಲೇ ನಿಲ್ಲಿಸಿದ್ದರೆ ಐದಕ್ಕೆ ಐದು ಅಂಕ. ಕಾಟ ಶುರುವಾಗುವುದು ಎತ್ತರದಲ್ಲಿ. ವಿನ್ಯಾಸದ ಹಂತದಲ್ಲಿ ಎಲ್ಲರೂ ‘ನೀರು’, ‘ಓದು’ ಹಾಕಿ ನೋಡುತ್ತಾರೆ, ಎಲ್ಲ ಚೆಂದ. ಆದರೆ ಇಂಥ ಆಪ್‌ನಲ್ಲಿ ಅಭ್ಯಾಸದ ಹೆಸರು ಬರೆಯುವವರು ಬಳಕೆದಾರರು. ಯಾರೋ ‘ಶಾಸ್ತ್ರೀಯ ಸಂಗೀತ’ ಎಂದು ಬರೆಯುತ್ತಾರೆ, ಇನ್ನೊಬ್ಬರು ‘ಸ್ವಾಸ್ಥ್ಯ’ ಎನ್ನುತ್ತಾರೆ. ಒತ್ತಿನ ಕಾಲು ಕತ್ತರಿಸಿ ಹೋಗುತ್ತದೆ. ಎರಡು ಸಾಲಿನ ಕಾರ್ಡಿನಲ್ಲಂತೂ (ಅಭ್ಯಾಸದ ಹೆಸರು ಕೂರುವ ಚೌಕ) ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ.

ಫಾಂಟನ್ನು ಬೈದು ಫಲವಿಲ್ಲ, ಲಿಪಿಯ ಸ್ವಭಾವವೇ ಅದು. ಇಂಗ್ಲಿಷಿಗೆಂದು ಅಳೆದ ಡಬ್ಬಿಗೆ ಕನ್ನಡ ತುಂಬಿದ್ದು ತಪ್ಪು. 16 ಎಸ್‌ಪಿ ಅಕ್ಷರಕ್ಕೆ ಸಾಲಿನ ಎತ್ತರ 20 ಸಾಲದು, 24–26 ಇಡಿ. ಕಾರ್ಡಿಗೆ ನಿಗದಿತ ಎತ್ತರ ಕೊಡಬೇಡಿ. ಕನಿಷ್ಠ 48 ಡಿಪಿ, ಮೇಲೆ ಕೆಳಗೆ 12 ಡಿಪಿ ಜಾಗ ಕೊಟ್ಟು ಬೆಳೆಯಲು ಬಿಡಿ. ಮೇಲಿನ ಖಾಲಿ ಜಾಗ ಕಣ್ಣಿಗೆ ಚುಚ್ಚುತ್ತದೆಂದು, ಅಕ್ಷರದ ಮೇಲೆ ಕೆಳಗೆ ಹೆಚ್ಚುವರಿ ಜಾಗ ಬಿಡುವ ‘ಇನ್‌ಕ್ಲೂಡ್‌ಫಾಂಟ್‌ಪ್ಯಾಡಿಂಗ್’ ಆಫ್ ಮಾಡುವವರೇ ಹೆಚ್ಚು, ಆಮೇಲೆ ಒತ್ತು ಹುಡುಕುತ್ತ ಕೂರುವವರೂ ಅವರೇ. ಆಂಡ್ರಾಯ್ಡ್ 15ಕ್ಕೆ ಗುರಿಯಿಟ್ಟ ಆಪ್‌ಗಳಲ್ಲಿ ‘ಎಲಿಗೆಂಟ್‌ಟೆಕ್ಸ್ಟ್‌ಹೈಟ್’ (ಎತ್ತರದ ಲಿಪಿಗೆ ಸಾಕಷ್ಟು ಜಾಗ ಕೊಡುವ ಸೆಟ್ಟಿಂಗ್) ತಾನಾಗಿಯೇ ಆನ್ ಇರುತ್ತದೆ. ಹಳೆಯ ಫೋನಿನಲ್ಲಿ ಅದೇ ಕಾರ್ಡ್ ಬೇರೆ ಎತ್ತರಕ್ಕೆ ಬರಬಹುದು, ಎರಡರಲ್ಲೂ ನೋಡಿ. ಪರೀಕ್ಷೆಗೆ ‘ವೈಶಿಷ್ಟ್ಯ’, ‘ರಾಷ್ಟ್ರೀಯ’, ‘ಸ್ವಾಸ್ಥ್ಯ’ ಮೂರು ಪದ ಸಾಕು. ‘ಆಪ್‌ಗಳು’ ಎಂಬುದನ್ನೂ ಸೇರಿಸಿ. ಪ್, ಗ ಕೂಡಿಕೊಳ್ಳದಂತೆ ತಡೆಯುವ ನಡುವಿನ ಕಾಣದ ಅಕ್ಷರವನ್ನು ಕೋಡ್ ಅಳಿಸಿದರೆ ಅದು ‘ಆಪ್ಗಳು’ ಆಗಿಬಿಡುತ್ತದೆ.

ಐಕಾನ್ ಬಗ್ಗೆ ಒಂದೇ ಮಾತು. ಫೋನು ಐಕಾನನ್ನು ದುಂಡಗೋ ಚೌಕವಾಗೋ ಕತ್ತರಿಸುತ್ತದೆ; 108 ಡಿಪಿ ಐಕಾನಿನಲ್ಲಿ ಕತ್ತರಿಗೆ ಸಿಗದ ಜಾಗ ನಡುವಿನ 66 ಮಾತ್ರ, ಆದ್ದರಿಂದ ಒತ್ತಕ್ಷರ ಬೇಡ, ‘ಅ’ ಥರದ ಒಂಟಿ ಅಕ್ಷರ ಇರಲಿ.

ಮುಕ್ತ ಪರವಾನಗಿ ಇರುವುದರಿಂದ ಆಪ್‌ನೊಳಗೆ ಸೇರಿಸಿ ಹಂಚಲು ಕಾಸು ಕೊಡಬೇಕಿಲ್ಲ. ಸಣ್ಣ ತಂಡಕ್ಕೆ ಇದೇ ದೊಡ್ಡದು, ತೊಂದರೆಯೂ ಇದರಲ್ಲೇ ಇದೆ: ನಾಳೆ ಪಕ್ಕದ ಆಪ್‌ನ ಹೆಸರೂ ಇದೇ ಅಕ್ಷರದಲ್ಲಿ ಬಂದೀತು. ಹಾಗಾಗಿ ಪರದೆಯೊಳಗಿನ ಬರಹಕ್ಕೆಲ್ಲ ಅನೇಕ್ ಇಟ್ಟು, ಉಳಿದ ಹಣದಲ್ಲಿ ಲೋಗೋದ ನಾಲ್ಕಕ್ಷರವನ್ನಷ್ಟೇ ಕೈಬರಹ ಬಲ್ಲವರಿಂದ ಬರೆಸಿ.