ಕೈಪಿಡಿಯಿಲ್ಲದ ಬೈಕಿಗೆ ಜೋಡಿ ಕಾರ್ಬೊರೇಟರ್: ಅಮಲ್ ಪ್ರೀಮಿಯರ್ ಬಳಸಿ ನೋಡಿದ ಮೇಲೆ

ಟ್ರಯಂಫ್ ಎಂಜಿನ್ನನ್ನು ನಾರ್ಟನ್ನಿನ ಫೆದರ್‌ಬೆಡ್ ಚೌಕಟ್ಟಿನಲ್ಲಿ ಕೂರಿಸಿದರೆ ಆಗುವ ಟ್ರೈಟನ್ ಎಂಬ ಬೈಕನ್ನು ಟ್ರಯಂಫ್ ಕಾರ್ಖಾನೆಯೂ ಮಾಡಲಿಲ್ಲ, ನಾರ್ಟನ್ ಕಾರ್ಖಾನೆಯೂ ಮಾಡಲಿಲ್ಲ. ಒಳ್ಳೆಯ ಎಂಜಿನ್ ಒಬ್ಬರಲ್ಲಿ, ಒಳ್ಳೆಯ ಚೌಕಟ್ಟು ಇನ್ನೊಬ್ಬರಲ್ಲಿ ಇದ್ದುದನ್ನು ಕಂಡ ಬ್ರಿಟನ್ನಿನ ಹುಡುಗರು 1950 ಮತ್ತು 60ರ ದಶಕಗಳಲ್ಲಿ ಎರಡನ್ನೂ ತಮ್ಮ ಶೆಡ್ಡುಗಳಲ್ಲೇ ಜೋಡಿಸಿಕೊಂಡರು. ಕೇಳಲು ಸೊಗಸಾಗಿರುವ ಈ ಚರಿತ್ರೆ ಕಾರ್ಬೊರೇಟರ್ ಟ್ಯೂನ್ ಮಾಡಲು ಕುಳಿತವನಿಗೆ ಮಾತ್ರ ತೊಡಕು. ನನ್ನ ಟ್ರೈಟನ್ನಿನಲ್ಲಿರುವುದು 1969ರ ಬಾನ್‌ವಿಲ್ ಟಿ120ರ 649 ಸಿ.ಸಿ. ಎಂಜಿನ್, ಆ ವರ್ಷದ ಕೈಪಿಡಿ ಹೇಳುವ ಜೆಟ್ (ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಭಾಗ) ಸಂಖ್ಯೆಗಳನ್ನು ಕಂಪನಿಯ ಏರ್ ಫಿಲ್ಟರ್ ಮತ್ತು ಕಂಪನಿಯ ಸೈಲೆನ್ಸರ್ ಇವೆಯೆಂದು ನಂಬಿ ನಿಗದಿ ಮಾಡಲಾಗಿದೆ. ನನ್ನಲ್ಲಿ ಫಿಲ್ಟರಿನ ಜಾಗದಲ್ಲಿ ಗಾಳಿ ಎಳೆಯುವ ತೆರೆದ ಬಾಯಿಗಳಾದ ಬೆಲ್‌ಮೌತ್‌ಗಳಿವೆ, ಸೈಲೆನ್ಸರಿನ ಜಾಗದಲ್ಲಿ ತುದಿಗೆ ಅಗಲವಾಗುವ ಮೆಗಾಫೋನ್ ಕೊಳವೆಗಳಿವೆ. ಹೀಗಾಗಿ ಕೈಪಿಡಿಯ ಅಂಕಿಗಳು ಕೆಲಸ ಆರಂಭಿಸಲು ನೆರವಾಗುತ್ತವೆಯೇ ಹೊರತು ಮುಗಿಸಲು ಅಲ್ಲ.

ಆಮ್ಯಾಕ್, ಬ್ರೌನ್ ಆ್ಯಂಡ್ ಬಾರ್ಲೊ ಮತ್ತು ಬಿಂಕ್ಸ್ ಎಂಬ ಮೂರು ಕಾರ್ಬೊರೇಟರ್ ಕಂಪನಿಗಳು 1927ರಲ್ಲಿ ಒಂದಾದಾಗ ಹುಟ್ಟಿದ ಹೆಸರು ಅಮಲ್. ಇಂಗ್ಲಿಷರು ಅದನ್ನು ಏಮಲ್ ಎನ್ನುತ್ತಾರೆ; ಸ್ಟಾರ್ಟ್ ಮಾಡುವ ಮೊದಲು ಪೆಟ್ರೋಲ್ ಉಕ್ಕಿಸುವ ಟಿಕ್ಲರ್ ಗುಂಡಿ ಒತ್ತಿ ಬೆರಳೆಲ್ಲ ಪೆಟ್ರೋಲ್ ಮಾಡಿಕೊಂಡ ಕನ್ನಡಿಗನಿಗೆ ನಮ್ಮ ಉಚ್ಚಾರವೇ ಸರಿಯೆನಿಸುತ್ತದೆ. 1967ರಲ್ಲಿ ಬಂದ ಅಮಲ್‌ನ ಕಾನ್ಸೆಂಟ್ರಿಕ್ ಮಾದರಿಯ ಎರಡು ದೌರ್ಬಲ್ಯಗಳು ಹಳೆಯ ಬ್ರಿಟಿಷ್ ಬೈಕು ಇಟ್ಟುಕೊಂಡವರಿಗೆಲ್ಲ ಗೊತ್ತಿರುವಂಥವು. ಅದರ ಮೈಯೂ, ಥ್ರಾಟಲ್ ತಿರುವಿದಂತೆ ಒಳಗೆ ಏರಿಳಿಯುವ ಸ್ಲೈಡೂ ಒಂದೇ ಬಗೆಯ ಸತುವಿನ ಮಿಶ್ರಲೋಹದವಾದ್ದರಿಂದ ಒಂದನ್ನೊಂದು ತಿಕ್ಕಿ ಸವೆಯುತ್ತವೆ, ಸವೆದ ಸಂದಿನಿಂದ ನುಸುಳುವ ಗಾಳಿ ಐಡ್ಲಿಂಗನ್ನು, ಅಂದರೆ ಎಂಜಿನ್ ನಿಂತಲ್ಲೇ ನಿಧಾನವಾಗಿ ಓಡುವುದನ್ನು, ಕೆಡಿಸುತ್ತದೆ. ಎರಡನೆಯದು ಇನ್ನೂ ಕಿರಿಕಿರಿಯದು: ಐಡ್ಲಿಂಗಿಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ಟನ್ನು ಹೊರತೆಗೆಯಲಾಗದಂತೆ ಮೈಯೊಳಗೇ ಬಡಿದು ಕೂರಿಸಿಬಿಟ್ಟಿದ್ದಾರೆ. ಒಂದು ಚಳಿಗಾಲ ಗಾಡಿ ನಿಂತರೆ ಆರಿದ ಪೆಟ್ರೋಲಿನ ಅಂಟು ಅದನ್ನು ಮುಚ್ಚುತ್ತದೆ. ಆಗ ಐಡ್ಲಿಂಗಿನ ಗಾಳಿಯನ್ನು ಹೊಂದಿಸುವ ಏರ್ ಸ್ಕ್ರೂ (ಒಳಗೆ ತಿರುವಿದರೆ ಗಾಳಿ ಕಡಿಮೆ) ತೆಗೆದು, ಆ ತೂತಿನ ಮೂಲಕ 0.016 ಇಂಚಿನ, ಕೂದಲೆಳೆಯಂಥ ಡ್ರಿಲ್ ಬಿಟ್ಟನ್ನು ಕುರುಡಾಗಿ ತೂರಿಸಿ, ಬೆರಳ ತುದಿಯಲ್ಲಿ ತಿರುಗಿಸುತ್ತಾ ಅಂಟನ್ನು ಕೆರೆಯಬೇಕು. ಅದು ಒಳಗೇ ಮುರಿದರೆ ಕಾರ್ಬೊರೇಟರನ್ನು ಕಾಗದದ ಮೇಲಿಡುವ ಭಾರವಾಗಿ ಬಳಸಬಹುದು. ನನ್ನ ಮೇಜಿನ ಮೇಲೆ ಅಂಥದೊಂದು ಇದೆ.

ಪ್ರೀಮಿಯರ್ ಮಾದರಿ ಈ ಎರಡನ್ನೂ ಸರಿಪಡಿಸಿದೆ. ಸ್ಲೈಡ್ ಈಗ ಗಟ್ಟಿ ಆನೋಡೈಸ್ ಮಾಡಿದ ಅಲ್ಯೂಮಿನಿಯಮ್ಮಿನದು. ಪೈಲಟ್ ಜೆಟ್ ಸ್ಕ್ರೂಡ್ರೈವರಿನಲ್ಲಿ ಬಿಚ್ಚಿ ಬದಲಾಯಿಸಬಹುದಾದದ್ದು. ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟ್ ಎಥೆನಾಲಿಗೆ ಜಗ್ಗದ ಹೊಸ ವಸ್ತುವಿನದು. ಸಾಮಾನ್ಯ ಕಾನ್ಸೆಂಟ್ರಿಕ್‌ಗಿಂತ ಹೆಚ್ಚಿಗೆ ಕೊಡುವ ಹಣ ಸಾರ್ಥಕವಾಗುವುದು ಸ್ಲೈಡಿನಿಂದಲ್ಲ, ಪೈಲಟ್ ಜೆಟ್ಟಿನಿಂದ ಎಂಬುದು ನನ್ನ ಅಭಿಪ್ರಾಯ. ಸ್ಲೈಡಿನ ಬಾಳಿಕೆ ತಿಳಿಯಲು ವರ್ಷಗಳು ಬೇಕು, ಪೈಲಟ್ ಜೆಟ್ಟಿನ ಉಪಕಾರ ಮೊದಲ ಶನಿವಾರವೇ ತಿಳಿಯಿತು.

ಕಾರ್ಬೊರೇಟರಿಗೆ ಕೈಹಾಕುವ ಮೊದಲು ವಾಲ್ವ್ ಸಂದುಗಳನ್ನೂ, ಪೂರ್ಣ ಅಡ್ವಾನ್ಸಿನಲ್ಲಿ 38 ಡಿಗ್ರಿ ಇರಬೇಕಾದ ಇಗ್ನಿಷನ್ ಟೈಮಿಂಗನ್ನೂ, ಅಂದರೆ ಕಿಡಿ ಹಾರುವ ಹೊತ್ತನ್ನೂ, ನೋಡಿಕೊಂಡೆ, ಏಕೆಂದರೆ ಇಗ್ನಿಷನ್ನಿನ ತಪ್ಪಿಗೆ ಕಾರ್ಬೊರೇಟರನ್ನು ಬೈಯುವುದು ಈ ಕಸುಬಿನಲ್ಲಿ ಹಳೆಯ ಚಾಳಿ. ಆಮೇಲೆ ಎರಡೂ ಸ್ಲೈಡುಗಳು ಒಟ್ಟಿಗೆ ಏಳುವಂತೆ ಮಾಡಬೇಕು. ವ್ಯಾಕ್ಯೂಮ್ ಗೇಜ್ ನನ್ನಲ್ಲಿಲ್ಲ. ಒಂದೇ ಉದ್ದದ ಎರಡು ಸ್ಪೋಕ್ ಕಡ್ಡಿಗಳನ್ನು ಬೆಲ್‌ಮೌತಿನಿಂದ ತೂರಿಸಿ, ಒಂದೊಂದರ ತುದಿಯನ್ನು ಒಂದೊಂದು ಸ್ಲೈಡಿನ ಕೆಳಗೆ ಸಿಕ್ಕಿಸಿ, ಥ್ರಾಟಲನ್ನು ಕೂದಲೆಳೆಯಷ್ಟು ತಿರುವಿದರೆ ಹೊರಗೆ ಚಾಚಿರುವ ತುದಿಗಳು ಬಾಗುತ್ತವೆ. ಬಲಗಡೆಯದು ಬಿದ್ದು ಅರೆಕ್ಷಣದ ನಂತರ ಎಡಗಡೆಯದು ಬಿತ್ತೆಂದರೆ ಎಡಗಡೆಯ ಕೇಬಲ್ ಸಡಿಲವಾಗಿದೆ. ಎರಡೂ ಒಟ್ಟಿಗೆ ತಲೆಬಾಗುವವರೆಗೆ ಕೇಬಲ್ ಅಡ್ಜಸ್ಟರ್ ತಿರುವಿದೆ.

ನಂತರ ಒಂದೊಂದೇ ಸಿಲಿಂಡರಿನ ಐಡ್ಲಿಂಗ್. ಒಂದು ಕಡೆಯ ಪ್ಲಗ್ ವೈರ್ ಕಿತ್ತು ಇನ್ನೊಂದರ ಮೇಲೆ ಎಂಜಿನ್ ಓಡಿಸುವಾಗ, ಕಿತ್ತ ವೈರಿಗೆ ಬೇರೆ ಪ್ಲಗ್ ಸಿಕ್ಕಿಸಿ ಅದನ್ನು ಸಿಲಿಂಡರ್ ಹೆಡ್ಡಿಗೆ ಅರ್ತ್ ಮಾಡುವುದನ್ನು ಮರೆಯಬಾರದು. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ್ದರೆ ಅದೇ ಸುಟ್ಟುಹೋಗಬಹುದು. ಏರ್ ಸ್ಕ್ರೂವನ್ನು ಪೂರ್ತಿ ಬಿಗಿದು ಒಂದೂವರೆ ಸುತ್ತು ಬಿಚ್ಚಿ ಆರಂಭಿಸಿದೆ. ಕಾರ್ಬೊರೇಟರಿನೊಂದಿಗೆ ಬಂದ 17ರ ಪೈಲಟ್ ಜೆಟ್ಟಿನಲ್ಲಿ ಎಂಜಿನ್ ಸಮಾಧಾನವಾಗಿ ಐಡ್ಲ್ ಆಗಲು ಸ್ಕ್ರೂವನ್ನು ಅರ್ಧ ಸುತ್ತಿನವರೆಗೆ ಒಳಗೆ ತಿರುವಬೇಕಾಯಿತು, ಥ್ರಾಟಲ್ ಸ್ವಲ್ಪ ತೆರೆದರೆ ಬೆಲ್‌ಮೌತಿನಿಂದ ಕೆಮ್ಮು ಬೇರೆ. ಪೆಟ್ರೋಲ್ ಸಾಲುತ್ತಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸೂಚನೆ ಬೇಡ. ಹಳೆಯ ಮಾದರಿಯಾಗಿದ್ದರೆ ಇಲ್ಲಿಗೆ ದಾರಿ ಮುಚ್ಚುತ್ತಿತ್ತು. ಇದರಲ್ಲಿ ಚಹಾ ಆರುವ ಮೊದಲೇ 19ನ್ನು ಹಾಕಿದೆ, ಸ್ಕ್ರೂ ಒಂದೂಕಾಲು ಸುತ್ತಿನಲ್ಲಿ ನಿಂತಿತು, ಕೆಮ್ಮು ಹೋಯಿತು.

ಸ್ಲೈಡು ಮತ್ತು ಅದಕ್ಕೆ ತೂಗುವ ನೀಡಲ್ ಕೈಪಿಡಿಯಲ್ಲಿದ್ದಂತೆಯೇ ಉಳಿದವು. ಥ್ರಾಟಲ್ ಪೂರ್ತಿ ತೆರೆದಾಗ ಪೆಟ್ರೋಲ್ ಅಳೆಯುವ ಮುಖ್ಯ ಜೆಟ್ ಮಾತ್ರ ಮೂರು ಭಾನುವಾರಗಳನ್ನು ತಿಂದಿತು. ಅಮಲ್ ಮುಖ್ಯ ಜೆಟ್ಟಿನ ಸಂಖ್ಯೆಯೆಂದರೆ ನಿಮಿಷಕ್ಕೆ ಅದರ ಮೂಲಕ ಹರಿಯುವ ಸಿ.ಸಿ.ಗಳ ಲೆಕ್ಕ. 190ರಲ್ಲಿ, ಪೂರ್ತಿ ತೆರೆದ ಥ್ರಾಟಲನ್ನು ತುಸು ಹಿಂದಕ್ಕೆ ಬಿಟ್ಟರೆ ಎಂಜಿನ್ ಇನ್ನೂ ಹುರುಪಿನಿಂದ ಎಳೆಯುತ್ತಿತ್ತು, ಅಂದರೆ ಜೆಟ್ ಚಿಕ್ಕದು. ಹತ್ತು ಹತ್ತಾಗಿ ಏರಿಸಿ 220ಕ್ಕೆ ಬಂದಾಗ ಆ ಲಕ್ಷಣ ಹೋಯಿತು. ಪ್ಲಗ್ಗಿನ ಬಣ್ಣ ನೋಡಿ ನಿರ್ಧರಿಸುವ ಹಳೆಯ ಪದ್ಧತಿ ಈಗಿನ ಸೀಸರಹಿತ ಪೆಟ್ರೋಲಿನಲ್ಲಿ ಅಷ್ಟು ನಂಬಿಕಸ್ಥವಲ್ಲ. ಎಥೆನಾಲ್ ಕೂಡ ಮಿಶ್ರಣವನ್ನು ತೆಳುವಾಗಿಸುತ್ತದೆ. ಬ್ರಿಟನ್ನಿನ ಬಂಕುಗಳಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಅದು ಶೇ 10ರವರೆಗೆ ಇರುತ್ತದೆ. ಶೇ 20ರ ಪೆಟ್ರೋಲ್ ಹಾಕಿಸುವ ಬೆಂಗಳೂರು, ಮೈಸೂರಿನ ಹಳೆಯ ಟ್ರಯಂಫ್, ಬಿಎಸ್‌ಎ ಮಾಲೀಕರು ನನಗಿಂತ ದೊಡ್ಡ ಜೆಟ್ಟಿನಿಂದಲೇ ಆರಂಭಿಸುವುದು ಲೇಸು.

ದೂರುಗಳೂ ಇವೆ. ಟಿಕ್ಲರ್ ಹಳೆಯದೇ, ಕೈಗವಸು ತೆಗೆಯದೆ ಒತ್ತಿದರೆ ದಿನವಿಡೀ ಪೆಟ್ರೋಲ್ ವಾಸನೆ. ಕಾರ್ಬೊರೇಟರನ್ನು ಎಂಜಿನ್ನಿಗೆ ಸೇರಿಸುವ, ಎರಡು ನಟ್ಟುಗಳಲ್ಲಿ ನಿಲ್ಲುವ ಫ್ಲೇಂಜ್ ಹೆಚ್ಚು ಬಿಗಿದರೆ ಮೊದಲಿನಂತೆಯೇ ಬಾಗುತ್ತದೆ, ಬಾಗಿದರೆ ಗಾಳಿ ಎಳೆಯುತ್ತದೆ. ನಟ್ ಕೂರುವಷ್ಟು ಬಿಗಿದು ಕೈ ತೆಗೆಯಿರಿ. ಜೋಡಿ ಕಾರ್ಬೊರೇಟರಿಗೆ ಆರ್ಡರ್ ಕೊಡುವವರು ಒಂದು ಬಲಗೈಯದು, ಒಂದು ಎಡಗೈಯದು ಎಂದು ಬರೆದೇ ತಿಳಿಸಬೇಕು. ನನಗೆ ಕಳಿಸಿದ ಅಂಗಡಿಯವರು ಎರಡೂ ಬಲಗೈಯವನ್ನೇ ಕಳಿಸಿದ್ದರು. ಜೋಡಿಸಿದ ಮೇಲೆ ನೋಡಿದರೆ ಎಡಗಡೆಯ ಏರ್ ಸ್ಕ್ರೂ ಎರಡು ಕಾರ್ಬೊರೇಟರುಗಳ ನಡುವಿನ ಸಂದಿನಲ್ಲಿ, ಸ್ಕ್ರೂಡ್ರೈವರ್ ಹೋಗದ ಜಾಗದಲ್ಲಿ ಕುಳಿತಿತ್ತು. ಬದಲಾಗಿ ಬರಲು ಹನ್ನೊಂದು ದಿನ ಹಿಡಿಯಿತು.