ಕನ್ನಡ ಪಾಠಕ್ಕೆ ಚಿತ್ರ ಕೂರಿಸಲು: ರೈಟರ್, ಝೀಲೇಟೆಕ್, ಟೈಪ್‌ಸ್ಟ್

ಹತ್ತನೇ ತರಗತಿಯ ಬೆಳಕಿನ ಪಾಠಕ್ಕೆ ಕನ್ನಡದಲ್ಲಿ ನೋಟ್ಸ್ ಮಾಡಬೇಕಿತ್ತು. ತುಂಬಾ ಕಿರಣಚಿತ್ರಗಳು, ನಡುನಡುವೆ ಸೂತ್ರ, ಕೊನೆಗೊಂದು ಗ್ರಾಫ್. ಅದೇ ಪಾಠವನ್ನು ಲಿಬ್ರೆಆಫೀಸ್ ರೈಟರ್, ಝೀಲೇಟೆಕ್, ಟೈಪ್‌ಸ್ಟ್ ಮೂರರಲ್ಲೂ ಮಾಡಿ ನೋಡಿದೆ. ರೈಟರ್ ವರ್ಡ್ ಥರದ್ದು. ಉಳಿದೆರಡರಲ್ಲಿ ಪಾಠವನ್ನು ಕೋಡ್ ಥರ ಬರೆದರೆ, ಅವು ಪುಟ ಜೋಡಿಸಿ ಪಿಡಿಎಫ್ ಕೊಡುತ್ತವೆ. ಝೀಲೇಟೆಕ್ ಅಂದರೆ ಲೇಟೆಕ್‌ನ ಯೂನಿಕೋಡ್ ರೂಪ. ಮೂರಕ್ಕೂ ದುಡ್ಡು ಕೊಡಬೇಕಿಲ್ಲ. ಮೂರರಲ್ಲೂ ಯೂನಿಕೋಡ್ ಕನ್ನಡ ಚೆನ್ನಾಗಿಯೇ ಮೂಡುತ್ತದೆ. ತಕರಾರು ಶುರುವಾಗುವುದು ಚಿತ್ರದ ಒಳಗಿನ ಅಕ್ಷರಗಳಲ್ಲಿ.

ಗ್ರಾಫನ್ನೇ ನೋಡಿ. ಪೈಥಾನಿನ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಬರೆದು, ಅಕ್ಷಕ್ಕೆ ‘ವಸ್ತು ದೂರ’ ಅಂತ ಹೆಸರು ಕೊಟ್ಟೆ. ಸ ಕೆಳಗೆ ತ ಒತ್ತು ಕೂರಲೇ ಇಲ್ಲ, ‘ವಸ್‌ತು’ ಅಂತ ಬಿಡಿಬಿಡಿಯಾಗಿ ಬಂತು. ಫಾಂಟ್ ಬದಲಿಸಿದರೂ ಅದೇ ಕಥೆ. ಫಾಂಟಿನಲ್ಲಿ ಒತ್ತು ಇದ್ದರೆ ಸಾಲದು, ಅದನ್ನು ಜೋಡಿಸುವ ಕೆಲಸವನ್ನು ತಂತ್ರಾಂಶ ಮಾಡಬೇಕು. ಇಂಥ ಚಿತ್ರವನ್ನು ಎಲ್ಲಿ ಅಂಟಿಸಿದರೂ ತಪ್ಪು ತಪ್ಪಾಗಿಯೇ ಇರುತ್ತದೆ, ಅಲ್ವಾ?

ಇಲ್ಲಿ ಝೀಲೇಟೆಕ್ ಗೆಲ್ಲುತ್ತದೆ. ಟಿಕ್‌ಝಡ್ ಅನ್ನುವ ಚಿತ್ರ ಬರೆಯುವ ಪ್ಯಾಕೇಜು (ಸೇರಿಸಿಕೊಳ್ಳುವ ಹೆಚ್ಚುವರಿ ಭಾಗ) ಬಳಸಿದರೆ ಮಸೂರ, ಕಿರಣ, ಬಾಣ ಎಲ್ಲವನ್ನೂ ಕಡತದೊಳಗೇ ಬರೆಯಬಹುದು. ಗ್ರಾಫಿಗೆ ಪಿಜಿಎಫ್‌ಪ್ಲಾಟ್ಸ್ ಇದೆ. ‘ಪ್ರಧಾನಾಕ್ಷ’ ಅಂತ ಬರೆದರೆ ಪಾಠದ ಫಾಂಟಿನಲ್ಲೇ, ಒತ್ತು ಸಮೇತ ಬರುತ್ತದೆ. ಫಾಂಟ್ ಆರಿಸುವ ಫಾಂಟ್‌ಸ್ಪೆಕ್ ಪ್ಯಾಕೇಜಿನಲ್ಲಿ ಲಿಪಿ ಕನ್ನಡ ಅಂತ ಹೇಳುವುದನ್ನು ಮಾತ್ರ ಮರೆಯಬಾರದು. ಮೌಸಿನಲ್ಲೇ ಬಿಡಿಸುವವರಿಗೂ ದಾರಿ ಇದೆ: ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಪಿಡಿಎಫ್ ಆಗಿ ಉಳಿಸುವಾಗ ಅಕ್ಷರಗಳನ್ನು ಲೇಟೆಕ್‌ಗೆ ಬಿಟ್ಟುಕೊಡುವ ಆಯ್ಕೆ ಸಿಗುತ್ತದೆ. ಗೆರೆಗಳು ಇಂಕ್‌ಸ್ಕೇಪಿನವು, ಅಕ್ಷರಗಳು ನಮ್ಮ ಕಡತದವು. ಇದು ನನಗೆ ತುಂಬಾ ಹಿಡಿಸಿತು.

ಆದರೆ ‘ಫಿಗರ್’ ಒಳಗೆ ಹಾಕಿದ ಚಿತ್ರವನ್ನು ಲೇಟೆಕ್ ಹೇಳಿದ ಜಾಗದಲ್ಲೇ ಇಡುತ್ತದೆ ಅನ್ನುವ ಖಾತ್ರಿಯಿಲ್ಲ. ಪುಟದ ತಲೆಗೋ, ಮುಂದಿನ ಪುಟಕ್ಕೋ ತಳ್ಳುತ್ತದೆ. ಸಂಶೋಧನಾ ಲೇಖನಕ್ಕೆ ಸರಿ. ಮಕ್ಕಳ ನೋಟ್ಸಿನಲ್ಲಿ ‘ಕೆಳಗಿನ ಚಿತ್ರ ನೋಡಿ’ ಅಂದ ಮೇಲೆ ಚಿತ್ರ ಕೆಳಗೇ ಇರಬೇಕು. ಫ್ಲೋಟ್ ಪ್ಯಾಕೇಜು ಹಾಕಿ, ದೊಡ್ಡ ಎಚ್ ಕೊಟ್ಟು ಕಟ್ಟಿಹಾಕಬೇಕು. ಇನ್ನು ಎರರ್ ಸಂದೇಶಗಳು! ಒಂದು ಆವರಣ ಬಿಟ್ಟುಹೋದರೆ ಸಂಬಂಧವೇ ಇಲ್ಲದ ಸಾಲಿನ ಮೇಲೆ ದೂರು ಹೇಳುತ್ತದೆ.

2023ರಲ್ಲಿ ಎಲ್ಲರಿಗೂ ತೆರೆದುಕೊಂಡ ಟೈಪ್‌ಸ್ಟ್‌ನಲ್ಲಿ ಈ ಗೋಳು ಕಡಿಮೆ. ಝೀಲೇಟೆಕ್‌ಗಾಗಿ ಟೆಕ್ ಲೈವ್ ಅನ್ನುವ ಕಂತೆಯನ್ನು ಇಡಿಯಾಗಿ ಹಾಕಿಕೊಂಡರೆ ಹಲವು ಜಿಬಿ ಜಾಗ ಬೇಕು, ಇದು ಒಂದೇ ಫೈಲು. ಟೈಪ್ ಮಾಡುತ್ತಿದ್ದ ಹಾಗೆ ಪುಟ ಪಕ್ಕದಲ್ಲೇ ಬದಲಾಗುತ್ತದೆ. ಚಿತ್ರ ಬರೆದ ಜಾಗದಲ್ಲೇ ನಿಲ್ಲುತ್ತದೆ, ತೇಲಬೇಕು ಅಂದರೆ ನಾವೇ ಹೇಳಬೇಕು. ಎಸ್‌ವಿಜಿಯನ್ನು (ಎಷ್ಟು ಹಿಗ್ಗಿಸಿದರೂ ಗೆರೆ ಮಸುಕಾಗದ ಚಿತ್ರದ ಫೈಲು) ನೇರವಾಗಿ ತೆಗೆದುಕೊಳ್ಳುತ್ತದೆ. ಲೇಟೆಕ್‌ನಲ್ಲಾದರೆ ಎಸ್‌ವಿಜಿಗೆ ಇಂಕ್‌ಸ್ಕೇಪ್ ಥರದ ಬೇರೆ ತಂತ್ರಾಂಶದ ಸಹಾಯ ಬೇಕು. ಚಿತ್ರ ಬರೆಯಲು ಸೆಟ್ಸ್ ಅನ್ನುವ ಪ್ಯಾಕೇಜಿದೆ, ಆದರೆ ಟಿಕ್‌ಝಡ್‌ನಷ್ಟು ಉದಾಹರಣೆಗಳು ಹುಡುಕಿದರೂ ಸಿಗುವುದಿಲ್ಲ.

ಟೈಪ್‌ಸ್ಟ್ ಸೋತದ್ದು ಚಿತ್ರದ ಪಕ್ಕದ ಸಣ್ಣ ಕಾಲಂನಲ್ಲಿ. ಎರಡೂ ಅಂಚು ಸಮ ಮಾಡಿದರೆ ‘ಪ್ರತಿಬಿಂಬದಲ್ಲಿರುವ’ ಥರದ ಉದ್ದ ಪದ ಸಾಲಿನ ಕೊನೆಯಲ್ಲಿ ತುಂಡಾಗದೆ ಇಡಿಯಾಗಿ ಕೆಳಗಿಳಿಯಿತು. ಮೇಲಿನ ಸಾಲಿನಲ್ಲಿ ದೊಡ್ಡ ದೊಡ್ಡ ಸಂದು. ಝೀಲೇಟೆಕ್‌ನಲ್ಲಿ ಭಾಷೆ ಯಾವುದು ಅಂತ ಹೇಳುವ ಪಾಲಿಗ್ಲಾಸಿಯಾ ಪ್ಯಾಕೇಜು ಹಾಕಿದ್ದರಿಂದ ಕನ್ನಡ ಪದಗಳೂ ಒಡೆದು ಸಾಲು ತುಂಬಿಕೊಂಡಿತು. ಟೈಪ್‌ಸ್ಟ್‌ನಲ್ಲಿ ಕೊನೆಗೆ ಬಲ ಅಂಚನ್ನು ಹಾಗೇ ಬಿಟ್ಟೆ.

ರೈಟರ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಮೇಲೆ ಒಂದು ಪ್ಯಾರಾ ಸೇರಿಸಿದರೆ ಚಿತ್ರ ಎಲ್ಲೋ ಹಾರುತ್ತದೆ. ಆಂಕರನ್ನು (ಚಿತ್ರ ಯಾವುದಕ್ಕೆ ಅಂಟಿಕೊಂಡಿರಬೇಕು ಅನ್ನುವ ಆಯ್ಕೆ) ‘ಆ್ಯಸ್ ಕ್ಯಾರೆಕ್ಟರ್’ ಮಾಡಿದರೆ ಸಾಲಿನಲ್ಲೇ ಕೂರುತ್ತದೆ. ಪಿಡಿಎಫ್ ಮಾಡುವಾಗ ಚಿತ್ರಗಳನ್ನು ತಾನಾಗಿಯೇ ಜೆಪೆಗ್‌ಗೆ ಹಿಂಡುತ್ತದೆ, ಗೆರೆಚಿತ್ರದ ಅಂಚು ಮಸುಕಾಗುತ್ತದೆ. ಅಲ್ಲಿ ‘ಲಾಸ್‌ಲೆಸ್’ ಆರಿಸಿಕೊಳ್ಳಿ.

ಈಗ ಹೊಸ ಪಾಠಗಳನ್ನೆಲ್ಲ ಟೈಪ್‌ಸ್ಟ್‌ನಲ್ಲೇ ಮಾಡುತ್ತಿದ್ದೇನೆ. ಕಿರಣಚಿತ್ರ ಮಾತ್ರ ಟಿಕ್‌ಝಡ್‌ನಲ್ಲಿ ಬರೆದು, ಎಸ್‌ವಿಜಿ ಮಾಡಿ ತರುತ್ತೇನೆ. ಜೊತೆಯ ಮೇಷ್ಟ್ರು ತಿದ್ದಿಕೊಡಬೇಕಾದ ಪಾಠ ಇದ್ದರೆ ರೈಟರ್ ಬಿಟ್ಟರೆ ಗತಿಯಿಲ್ಲ. ಅವರು ವರ್ಡಿನ ಡಾಕ್ಸ್ (.docx) ಫೈಲೇ ಕೇಳುತ್ತಾರೆ.